ಒಬ್ಬರು ನಡೆಯಬೇಕು, ಒಬ್ಬರು ಬೀಸಬೇಕು: ಲಾಸ್ಟ್‌ವಿಂಡ್ಸ್ ಆಡುವ ಬಗೆ

ಲಾಸ್ಟ್‌ವಿಂಡ್ಸ್ ಎಂಬ ಈ ವಿಡಿಯೋ ಗೇಮಿನಲ್ಲಿ ಜಿಗಿಯುವ ಬಟನ್ ಇಲ್ಲ. ಮಾರಿಯೋ ಆಡಿ ಬೆಳೆದವರು ಮೊದಲ ಐದು ನಿಮಿಷ ಆ ಬಟನ್ ಹುಡುಕುತ್ತಲೇ ಇರುತ್ತಾರೆ. ನಾನೂ ಹುಡುಕಿದ್ದೆ. ಟೋಕು ಅನ್ನುವ ಚಿಕ್ಕ ಹುಡುಗ ಎಡಕ್ಕೆ ಓಡುತ್ತಾನೆ, ಬಲಕ್ಕೆ ಓಡುತ್ತಾನೆ, ಅಷ್ಟೇ. ಎದುರಿಗೆ ಎತ್ತರದ ಬಂಡೆ ಬಂದರೆ ನಿಂತುಬಿಡುತ್ತಾನೆ. ಅವನನ್ನು ಮೇಲೆ ಎತ್ತುವುದು ಗಾಳಿ. ಆ ಗಾಳಿಯನ್ನು ಬೀಸುವವರು ನೀವು.

ಹಾಗಾಗಿ ಇದರಲ್ಲಿ ನೀವು ಒಟ್ಟಿಗೆ ಇಬ್ಬರನ್ನು ಆಡಿಸಬೇಕು. ಎಡಗೈಯಲ್ಲಿ ಹುಡುಗ, ಬಲಗೈಯಲ್ಲಿ ಗಾಳಿ. ಒಬ್ಬರೇ ಆಡಬಹುದು, ನಾನು ಮೊದಲ ಸಲ ಹಾಗೇ ಮುಗಿಸಿದ್ದು. ಆದರೆ ಈಗ ಯಾರಾದರೂ ಕೇಳಿದರೆ ಇಬ್ಬರು ಅಕ್ಕಪಕ್ಕ ಕೂತು ಆಡಿ ಅಂತಲೇ ಹೇಳುತ್ತೇನೆ. ನಮ್ಮ ಮನೆಯಲ್ಲಿ ಹತ್ತು ವರ್ಷದ ಮಗಳು ನಡೆಸುತ್ತಾಳೆ, ನಮ್ಮವ್ವ ಗಾಳಿ ಬೀಸುತ್ತಾಳೆ. ಅವರಿಬ್ಬರೂ ಆಡುವುದನ್ನು ನೋಡಿ ನೋಡಿ ನಾನು ಕಲಿತದ್ದೇ ಜಾಸ್ತಿ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆಟದ ಬಗ್ಗೆ ಎರಡು ಮಾತು. ಟಿವಿಗೆ ಸಿಕ್ಕಿಸಿ ಆಡುವ ನಿಂಟೆಂಡೋ ವೀ ಕನ್ಸೋಲಿಗೆ 2008ರಲ್ಲಿ ವೀವೇರ್ ಅನ್ನುವ ಡೌನ್‌ಲೋಡ್ ಸೇವೆ ಶುರುವಾಯಿತು. ಡಿಸ್ಕ್ ಬೇಡ, ಡಬ್ಬಿ ಬೇಡ, ಟಿವಿ ಮುಂದೆ ಕೂತೇ ಕೊಂಡುಕೊಳ್ಳಬಹುದಿತ್ತು. ಅಮೆರಿಕ, ಯುರೋಪಿನಲ್ಲಿ ಆ ಸೇವೆ ಶುರುವಾದ ದಿನ ಇದ್ದ ಮೊದಲ ಆಟಗಳಲ್ಲಿ ಲಾಸ್ಟ್‌ವಿಂಡ್ಸ್ ಒಂದು. ಅಮೆರಿಕದಲ್ಲಿ ಮೇ 12, ಯುರೋಪಿನಲ್ಲಿ ಮೇ 20. ಬೆಲೆ 1000 ವೀ ಪಾಯಿಂಟ್, ಅಂದರೆ ದುಡ್ಡು ಕೊಟ್ಟು ಮೊದಲೇ ಹಾಕಿಸಿಕೊಳ್ಳುವ ಪಾಯಿಂಟ್. ಮಾಡಿದ್ದು ಇಂಗ್ಲೆಂಡಿನ ಕೇಂಬ್ರಿಜ್‌ನ ಫ್ರಾಂಟಿಯರ್ ಡೆವಲಪ್‌ಮೆಂಟ್ಸ್. 1984ರಲ್ಲಿ ಇಯಾನ್ ಬೆಲ್ ಜೊತೆ ಸೇರಿ ಎಲೀಟ್ ಎಂಬ ಬಾಹ್ಯಾಕಾಶದ ಆಟ ಮಾಡಿದ ಡೇವಿಡ್ ಬ್ರೇಬೆನ್ ಅವರ ಕಂಪನಿ ಅದು.

ಆಗ ನಾನೂ ಕೆಲಸದ ಮೇಲೆ ಅದೇ ಊರಿನಲ್ಲಿದ್ದೆ. ಕೇಂಬ್ರಿಜ್ ಗುಡ್ಡವೇ ಇಲ್ಲದ ಸಪಾಟು ಊರು. ಸೈಕಲ್ ತುಳಿಯುವಾಗ ಎದುರು ಗಾಳಿ ಎದೆಗೆ ಬಡಿಯುತ್ತದೆ. ಅಂಥ ಊರಿನವರು ಗಾಳಿಯ ಮೇಲೆ ಆಟ ಮಾಡಿದ್ದಾರೆ ಅಂತ ತಿಳಿದಾಗ ನನಗೆ ಖುಷಿಯಾಗಿತ್ತು. ಬಂದ ವಾರವೇ ಕೊಂಡೆ. ಮೂರ್ನಾಲ್ಕು ಗಂಟೆಯ ಆಟ, ಒಂದು ಭಾನುವಾರಕ್ಕೆ ಮುಗಿಯುತ್ತದೆ. ವೀವೇರ್ ಆಟ 40 ಎಂಬಿ ಒಳಗೇ ಇರಬೇಕು ಅನ್ನುವ ನಿಯಮ ಇತ್ತು. ಈಗ ಫೋನಿನಲ್ಲಿ ತೆಗೆದ ಒಂದು ಚಿಕ್ಕ ವಿಡಿಯೋ ಅದಕ್ಕಿಂತ ದೊಡ್ಡದಿರುತ್ತದೆ, ಅಲ್ವಾ? ಆ 40 ಎಂಬಿಯಲ್ಲಿ ಅವರು ಬಾಗುವ ಹುಲ್ಲು, ಹರಿಯುವ ನೀರು, ಉರಿಯುವ ಪಂಜು, ಒಂದು ಪೂರ್ತಿ ಹಳ್ಳಿ ಎಲ್ಲ ತುಂಬಿದ್ದಾರೆ.

ಕತೆ ಸರಳ. ಮಿಸ್ಟ್ರಾಲಿಸ್ ಎಂಬ ನಾಡು. ಅಲ್ಲಿ ಬಲಸಾರ್ ಎಂಬ ಕೆಟ್ಟ ಶಕ್ತಿ ಎದ್ದಿದೆ. ಗಾಳಿಯ ದೇವತೆ ಎನ್ರಿಲ್ ಒಂದು ಕಲ್ಲಿನೊಳಗೆ ಸಿಕ್ಕಿಬಿದ್ದಿದ್ದಾಳೆ. ಆ ಕಲ್ಲು ಟೋಕುಗೆ ಸಿಗುತ್ತದೆ. ಅಲ್ಲಿಂದ ಇಬ್ಬರೂ ಜೊತೆ.

ಎಲ್ಲಿ ಸಿಗುತ್ತದೆ

ವೀವೇರ್ ಆಟಗಳನ್ನು ಮಾರುತ್ತಿದ್ದ ವೀ ಅಂಗಡಿ ಈಗ ಮುಚ್ಚಿದೆ. 2018ರ ಮಾರ್ಚ್ 26ಕ್ಕೆ ಪಾಯಿಂಟ್ ಹಾಕಿಸುವುದು ನಿಂತಿತು, 2019ರ ಜನವರಿ 30ಕ್ಕೆ ಕೊಳ್ಳುವುದೂ ನಿಂತಿತು. ಹಾಗಾಗಿ ಹಳೆ ವೀ ಇದ್ದು ಅದರಲ್ಲಿ ಈ ಆಟ ಮೊದಲೇ ಇಳಿಸಿಕೊಂಡಿದ್ದರೆ ಅದನ್ನು ಜೋಪಾನ ಮಾಡಿ. ಫಾರ್ಮ್ಯಾಟ್ ಮಾಡಲು ಹೋಗಬೇಡಿ. ಒಂದು ಎಸ್‌ಡಿ ಕಾರ್ಡಿಗೆ ಕಾಪಿ ಮಾಡಿಟ್ಟುಕೊಳ್ಳಿ. ಆ ಕಾಪಿ ಅದೇ ಕನ್ಸೋಲಿನಲ್ಲಿ ಮಾತ್ರ ಓಡುತ್ತದೆ, ಬೇರೆಯವರ ವೀಗೆ ಹಾಕಿದರೆ ಓಡುವುದಿಲ್ಲ. ಒಳಗಿನ ಜಾಗ ಇರುವುದೇ 512 ಎಂಬಿ. ಜಾಗ ಸಾಲದೆ ಏನಾದರೂ ಅಳಿಸುವಾಗ ಇದನ್ನು ಅಳಿಸಿಬಿಡಬೇಡಿ.

ವೀ ಇಲ್ಲದವರಿಗೂ ದಾರಿ ಇದೆ. 2011ರ ಕೊನೆಗೆ ಇದು ಐಫೋನಿಗೆ ಬಂತು. 2016ರಲ್ಲಿ ಕಂಪ್ಯೂಟರಿಗೆ, ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ಬಂತು. ಕಂಪ್ಯೂಟರಿನಲ್ಲಿ ಕೀಬೋರ್ಡಿನಿಂದ ನಡೆಸಬೇಕು, ಮೌಸ್‌ನಿಂದ ಗಾಳಿ ಬೀಸಬೇಕು. ಅದೂ ಚೆನ್ನಾಗಿದೆ. ಇಬ್ಬರು ಆಡುವುದಾದರೆ ಕೀಬೋರ್ಡ್ ಒಬ್ಬರಿಗೆ, ಮೌಸ್ ಇನ್ನೊಬ್ಬರಿಗೆ ಕೊಡಿ. ಆದರೆ ಮೇಜಿನ ಮೇಲೆ ಮೌಸ್ ಎಳೆಯುವುದಕ್ಕೂ ಕೈಯನ್ನು ಗಾಳಿಯಲ್ಲೇ ಆಡಿಸುವುದಕ್ಕೂ ಬಹಳ ವ್ಯತ್ಯಾಸ ಇದೆ. ನನ್ನ ಮನಸ್ಸು ಇರುವುದು ವೀ ರಿಮೋಟಿನಲ್ಲಿ, ಮುಂದೆ ಬರೆಯುವುದೂ ಅದನ್ನೇ ಹಿಡಿದು. ಗಾಳಿ ಬೀಸುವ ಪಾಠ ಮಾತ್ರ ಎಲ್ಲ ಕಡೆಗೂ ಒಂದೇ.

ಎರಡು ದೀಪ

ರಿಮೋಟನ್ನು ಟಿವಿ ಕಡೆ ತೋರಿಸಿದರೆ ತೆರೆಯ ಮೇಲೆ ಒಂದು ಗುರುತು ಓಡಾಡುತ್ತದೆ. ಲಾಸ್ಟ್‌ವಿಂಡ್ಸ್‌ನಲ್ಲಿ ಆ ಗುರುತೇ ಗಾಳಿ. ಅದು ನಡುಗಿದರೆ, ಜಿಗಿದರೆ, ಮಾಯವಾದರೆ ಆಟವೇ ಇಲ್ಲ. ಅದಕ್ಕೆ ಮೊದಲ ಅರ್ಧ ಗಂಟೆಯನ್ನು ಇದಕ್ಕೇ ಕೊಡಿ.

ಟಿವಿ ಮುಂದೆ ಇಡುವ ಉದ್ದನೆಯ ಕರಿ ಪಟ್ಟಿಗೆ ಸೆನ್ಸರ್ ಬಾರ್ ಅನ್ನುತ್ತಾರೆ. ಹೆಸರು ಹಾಗಿದ್ದರೂ ಅದರೊಳಗೆ ಸೆನ್ಸರ್ ಇಲ್ಲ. ಎರಡೂ ತುದಿಯಲ್ಲಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಕೊಡುವ ಚಿಕ್ಕ ದೀಪಗಳಿವೆ, ಅಷ್ಟೇ. ಕ್ಯಾಮೆರಾ ಇರುವುದು ರಿಮೋಟಿನ ಮೂತಿಯಲ್ಲಿ, ಆ ಕಪ್ಪು ಗಾಜಿನ ಹಿಂದೆ. ಅದು ಎರಡು ಬೆಳಕಿನ ಚುಕ್ಕಿ ನೋಡುತ್ತದೆ. ಅವು ಎಲ್ಲಿವೆ ಅನ್ನುವುದರ ಮೇಲೆ ನೀವು ಎಲ್ಲಿ ತೋರಿಸುತ್ತಿದ್ದೀರಿ ಅಂತ ಲೆಕ್ಕ ಹಾಕುತ್ತದೆ. ಪಟ್ಟಿ ಕೆಲಸ ಮಾಡುತ್ತಿದೆಯೋ ಇಲ್ಲವೋ ನೋಡಲು ಫೋನಿನ ಕ್ಯಾಮೆರಾ ತೆರೆದು ಅದರ ಕಡೆ ಹಿಡಿಯಿರಿ. ತುಂಬಾ ಫೋನುಗಳಲ್ಲಿ, ಅದರಲ್ಲೂ ಮುಂದಿನ ಕ್ಯಾಮೆರಾದಲ್ಲಿ, ನೇರಳೆ ಬಣ್ಣದ ಚುಕ್ಕಿಗಳು ಕಾಣುತ್ತವೆ. ಕಂಡರೆ ಪಟ್ಟಿ ಸರಿ ಇದೆ.

ನಮ್ಮ ಪಟ್ಟಿಯ ಚುಕ್ಕಿ ಕಾಣಲಿಲ್ಲ. ಧಾರವಾಡಕ್ಕೆ ವಾಪಸು ಬಂದ ಮೇಲೆ ವೀ ವರ್ಷಗಟ್ಟಲೆ ಅಟ್ಟದ ಮೇಲೆ ಡಬ್ಬಿಯಲ್ಲಿತ್ತು. ಕೆಳಗಿಳಿಸಿದಾಗ ಸೆನ್ಸರ್ ಬಾರಿನ ತೆಳ್ಳನೆ ವೈರನ್ನು ಇಲಿ ಮೂರು ಕಡೆ ಕಡಿದಿತ್ತು. ಮಗಳ ಮುಖ ಚಿಕ್ಕದಾಯಿತು. ಆಗ ನೆನಪಾಯಿತು: ರಿಮೋಟಿಗೆ ಬೇಕಾದ್ದು ಎರಡು ಇನ್‌ಫ್ರಾರೆಡ್ ಚುಕ್ಕಿ ಮಾತ್ರ. ಬೆಂಕಿಯ ಕುಡಿಯಲ್ಲೂ ಇನ್‌ಫ್ರಾರೆಡ್ ಇದೆ. ಎರಡು ಮೇಣದ ಬತ್ತಿ ಹಚ್ಚಿಟ್ಟರೆ ವೀ ರಿಮೋಟ್ ನಡೆಯುತ್ತದೆ ಅನ್ನುವುದು ಇದನ್ನು ಬಳಸುವವರಿಗೆಲ್ಲ ಗೊತ್ತಿರುವ ಮಾತು. ಮನೆಯಲ್ಲಿ ಮೇಣದ ಬತ್ತಿ ಇರಲಿಲ್ಲ. ದೀಪಾವಳಿಯ ಹಣತೆ ಇದ್ದವು.

ನೀವೂ ಮಾಡುವುದಾದರೆ ಹೀಗೆ ಮಾಡಿ. ಎರಡು ಹಣತೆಯ ನಡುವೆ ಒಂದು ಗೇಣು, ಅಂದರೆ ಸುಮಾರು 20 ಸೆಂಟಿಮೀಟರ್ ಅಂತರ ಇರಲಿ. ಎರಡರ ಕುಡಿಯೂ ಒಂದೇ ಎತ್ತರದಲ್ಲಿರಲಿ. ಒಂದು ತಗ್ಗಾದರೆ ರಿಮೋಟ್ ವಾರೆ ಹಿಡಿದಿದ್ದೀರಿ ಅಂದುಕೊಂಡು ಗುರುತು ಓರೆಯಾಗಿ ಹೋಗುತ್ತದೆ. ಟಿವಿ ನಡುವಿಗೆ ಸರಿಯಾಗಿ, ಆದರೆ ಟಿವಿಯಿಂದ ಒಂದು ಅಡಿಯಾದರೂ ಮುಂದೆ, ಬೇರೆ ಸ್ಟೂಲಿನ ಮೇಲೆ ಇಡಿ. ಕೆಳಗೆ ಸ್ಟೀಲ್ ತಟ್ಟೆ ಇಡಿ. ಹತ್ತಿರ ಪರದೆ, ಪೇಪರ್ ಏನೂ ಇರಬಾರದು. ಬತ್ತಿ ಗಿಡ್ಡ ಮಾಡಿ, ಕುಡಿ ಕುಣಿಯುವುದು ಕಡಿಮೆಯಾಗುತ್ತದೆ. ಫ್ಯಾನ್ ಆರಿಸಿ. ದೊಡ್ಡವರೊಬ್ಬರು ಕೋಣೆ ಬಿಟ್ಟು ಏಳಬಾರದು. ಆಟ ನಿಲ್ಲಿಸಿದ ಕೂಡಲೇ ದೀಪ ಶಾಂತ ಮಾಡಬೇಕು. ಇದು ಒಂದೆರಡು ದಿನದ ಉಪಾಯ. ಬ್ಯಾಟರಿ ಹಾಕುವ ವೈರ್‌ಲೆಸ್ ಸೆನ್ಸರ್ ಬಾರ್ ಆನ್‌ಲೈನಿನಲ್ಲಿ ಸಿಗುತ್ತದೆ, ನಾವೂ ಆಮೇಲೆ ಒಂದು ತರಿಸಿದೆವು. ಆದರೆ ಆ ಮೊದಲ ಸಂಜೆ ಎರಡು ಹಣತೆಯ ಬೆಳಕಿನಲ್ಲಿ ಗುರುತು ತೆರೆಯ ಮೇಲೆ ಮೂಡಿದಾಗ ಮಗಳು ಚಪ್ಪಾಳೆ ಹೊಡೆದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಇನ್ನೊಂದು ತೊಂದರೆ ಬಂತು. ಹಗಲು ಎಲ್ಲ ಸರಿ. ಸಂಜೆ ಏಳರ ಸುಮಾರಿಗೆ ಗುರುತು ಇದ್ದಕ್ಕಿದ್ದ ಹಾಗೆ ಎಡಕ್ಕೆ ಹಾರುತ್ತಿತ್ತು. ಸೆಲ್ ಬದಲಿಸಿದೆ, ಸ್ಟೂಲ್ ಸರಿಸಿದೆ, ಏನೂ ಆಗಲಿಲ್ಲ. ಕೊನೆಗೆ ವೀ ಸೆಟ್ಟಿಂಗ್ಸ್‌ಗೆ ಹೋದೆ. ಅದರ ಎರಡನೇ ಪುಟದಲ್ಲಿ ಸೆನ್ಸರ್ ಬಾರ್ ಅಂತ ಇದೆ, ಅದರೊಳಗೆ ಸೆನ್ಸಿಟಿವಿಟಿ ಇದೆ. ಅದನ್ನು ತೆರೆದರೆ ರಿಮೋಟಿನ ಕಣ್ಣಿಗೆ ಏನು ಕಾಣುತ್ತಿದೆಯೋ ಅದನ್ನೇ ತೋರಿಸುತ್ತದೆ: ಕರಿ ತೆರೆ, ಅದರ ಮೇಲೆ ಬಿಳಿ ಚುಕ್ಕಿ. ಎರಡೇ ಚುಕ್ಕಿ ಇರಬೇಕು. ನಮ್ಮಲ್ಲಿ ಮೂರು ಇದ್ದವು. ಮೂರನೆಯದು ದೇವರ ಮನೆಯ ದೀಪ. ಸಂಜೆ ಅವ್ವ ದೇವರ ಮುಂದೆ ದೀಪ ಹಚ್ಚುತ್ತಾಳೆ, ಆ ಬಾಗಿಲು ಟಿವಿಯ ಪಕ್ಕಕ್ಕೇ ಇದೆ. ರಿಮೋಟಿಗೆ ಎಲ್ಲ ದೀಪವೂ ಒಂದೇ. ನಾವು ಕುರ್ಚಿಗಳನ್ನು ಬಲಕ್ಕೆ ಎಳೆದುಕೊಂಡು ಕೂತೆವು, ದೇವರ ಮನೆ ರಿಮೋಟಿನ ನೋಟದಿಂದ ಆಚೆ ಹೋಯಿತು. ಗುರುತು ನಿಂತಿತು.

ನಿಮ್ಮ ಮನೆಯಲ್ಲೂ ಗುರುತು ಹಾರಿದರೆ ಮೊದಲು ಈ ಪುಟ ತೆರೆದು ಚುಕ್ಕಿ ಎಣಿಸಿ. ಕಿಟಕಿಯ ಬಿಸಿಲು, ಹಳೆ ಕಾಲದ ತಂತಿ ಬಲ್ಬು, ಶೋಕೇಸಿನ ಗಾಜಿನಲ್ಲಿ ಹೊಳೆಯುವ ಬೆಳಕು, ಎಲ್ಲವೂ ಚುಕ್ಕಿಯಾಗಿ ಬರುತ್ತವೆ. ಅಲ್ಲೇ ಪ್ಲಸ್, ಮೈನಸ್ ಒತ್ತಿ ಒಂದರಿಂದ ಐದರವರೆಗೆ ಸೂಕ್ಷ್ಮತೆ ಬದಲಿಸಬಹುದು. ಬೇಡದ ಚುಕ್ಕಿ ಮಾಯವಾಗುವಷ್ಟು ಇಳಿಸಿ, ಬೇಕಾದ ಎರಡು ಉಳಿಯಲಿ. ಪಟ್ಟಿ ಟಿವಿಯ ಮೇಲಿದೆಯೋ ಕೆಳಗಿದೆಯೋ ಅಂತಲೂ ಅಲ್ಲೇ ಹೇಳಬೇಕು. ಟಿವಿಯಿಂದ ಒಂದರಿಂದ ಮೂರು ಮೀಟರ್ ದೂರದಲ್ಲಿ ಕೂರಿ. ನಮಗೆ ಎರಡು ಮೀಟರ್ ಸರಿ ಹೋಯಿತು.

ಹೊಸ ಟಿವಿಯವರಿಗೆ ಒಂದು ಮಾತು. ವೀಯಿಂದ ಬರುವುದು ಹಳದಿ, ಕೆಂಪು, ಬಿಳಿ ಪಿನ್ನಿನ ವೈರ್. ಎಚ್‌ಡಿಎಂಐಗೆ ಬದಲಿಸುವ ಚಿಕ್ಕ ಡಬ್ಬಿ ಬೇಕಾಗುತ್ತದೆ. ಟಿವಿಯನ್ನು ಗೇಮ್ ಮೋಡಿಗೆ ಹಾಕದಿದ್ದರೆ ನೀವು ಬೀಸಿದ ಮೇಲೆ ಗಾಳಿ ತಡವಾಗಿ ಬರುತ್ತದೆ. ಈ ಆಟದಲ್ಲಿ ಆ ಚೂರು ತಡವೂ ಕೈಗೆ ತಿಳಿಯುತ್ತದೆ.

ಬೀಸುವುದು

ಎ ಬಟನ್ ಒತ್ತಿ ಹಿಡಿಯಿರಿ. ಟೋಕುವಿನ ಮೈ ಮೇಲೆ ಹಾದುಹೋಗುವ ಹಾಗೆ ಒಂದು ಗೆರೆ ಎಳೆಯಿರಿ. ಬಟನ್ ಬಿಡಿ. ಗೆರೆ ಎತ್ತ ಹೋಗಿತ್ತೋ ಅತ್ತ ಗಾಳಿ ಅವನನ್ನು ಒಯ್ಯುತ್ತದೆ. ಇಡೀ ಆಟದ ಬುನಾದಿ ಇದು.

ಮೊದಲ ಸಲ ಹಿಡಿದವರೆಲ್ಲ ಮಾಡುವ ತಪ್ಪು ಒಂದೇ: ಇಡೀ ತೋಳು ಬೀಸುವುದು. ರಿಮೋಟ್ ಟಿವಿಯ ಹೊರಗೆ ಹೋಗುತ್ತದೆ, ದೀಪ ಕ್ಯಾಮೆರಾದ ನೋಟ ತಪ್ಪುತ್ತದೆ, ಗೆರೆ ನಡುವೆಯೇ ತುಂಡಾಗುತ್ತದೆ. ಹುಡುಗ ಬಂಡೆಯ ಬುಡದಲ್ಲೇ ನಿಂತಿರುತ್ತಾನೆ. ಮಗಳು ಮೊದಲ ದಿನ ಬ್ಯಾಡ್ಮಿಂಟನ್ ಆಡಿದ ಹಾಗೆ ಬೀಸಿದಳು. ಅರ್ಧ ಗಂಟೆಗೆ ಭುಜ ನೋವು ಬಂತು.

ಅವ್ವ ಹಿಂದೆ ಕೂತು ಕಡಲೆ ಆರಿಸುತ್ತಿದ್ದಳು. ಸ್ವಲ್ಪ ಹೊತ್ತು ನೋಡಿ, "ತಂಗಿ, ಗಾಳೀನ ಬಡಿಬ್ಯಾಡ. ಅದಕ್ಕ ದಾರಿ ತೋರಸು, ಸಾಕು" ಅಂದಳು.

"ಹಂಗಂದ್ರ ಹೆಂಗ ಆಯಿ?"

ಅವ್ವ ಮೊರ ಕೆಳಗಿಟ್ಟು ರಿಮೋಟ್ ತಗೊಂಡಳು. ಅವಳ ತವರು ಅಣ್ಣಿಗೇರಿ ಕಡೆ, ಎರೆ ಹೊಲದವರು. ಮದುವೆಗೆ ಮುಂಚೆ ವರ್ಷಾ ವರ್ಷಾ ಕಣದಲ್ಲಿ ಜೋಳ ತೂರಿದವಳು. ತೂರುವವರು ಮೊರವನ್ನು ತಲೆಯ ಎತ್ತರಕ್ಕೆ ಹಿಡಿದು ಕಾಯುತ್ತಾರೆ. ಗಾಳಿ ಬಂದಾಗ ಮಣಿಕಟ್ಟು ಒಂದಿಷ್ಟೇ ಅಲುಗಾಡಿಸಿ ಕಾಳು ಬಿಡುತ್ತಾರೆ. ಕಾಳು ಕೆಳಗೆ, ಹೊಟ್ಟು ಆಚೆ. ತೋಳು ಬೀಸಿದರೆ ಎರಡೂ ಒಂದೇ ಕಡೆ ಬೀಳುತ್ತವೆ. ಅವ್ವ ರಿಮೋಟನ್ನೂ ಹಾಗೇ ಹಿಡಿದಳು. ಮೊಣಕೈ ಕುರ್ಚಿಯ ಕೈ ಮೇಲೆ ಊರಿ, ಮಣಿಕಟ್ಟನ್ನು ನಾಲ್ಕು ಬೆರಳಿನಷ್ಟು ಎತ್ತಿದಳು. ತೆರೆಯ ಮೇಲೆ ನೀಟಾದ ಚಿಕ್ಕ ಗೆರೆ. ಟೋಕು ಬಂಡೆಯ ಮೇಲೆ ಹೋಗಿ ನಿಂತ.

ಹಾಗಾಗಿ ಇದನ್ನು ಅಭ್ಯಾಸ ಮಾಡಿ. ಆಟ ಶುರುವಾದ ಹಳ್ಳಿಯಲ್ಲೇ ಹತ್ತು ನಿಮಿಷ ನಿಲ್ಲಿ. ಎಲ್ಲಿಗೂ ಹೋಗಬೇಡಿ. ಮೊಣಕೈ ಊರಿ, ಮಣಿಕಟ್ಟಿನಿಂದ ಮಾತ್ರ ಗೆರೆ ಎಳೆಯಿರಿ. ಸುಮ್ನೆ ಹುಲ್ಲಿನ ಮೇಲೆ ಬೀಸಿ, ಬಾಗುವುದನ್ನು ನೋಡಿ. ಗಿಡಗಳ ಮೇಲೆ ಬೀಸಿ. ಆಮೇಲೆ ಟೋಕುವನ್ನು ಎತ್ತಿ. ಮೊದಲು ನೇರ ಮೇಲೆ. ಅವನ ಕಾಲಿನ ಕೆಳಗಿಂದ ಗೆರೆ ಶುರು ಮಾಡಿ ತಲೆಯ ಮೇಲಕ್ಕೆ ಬಿಡಿ. ಆಮೇಲೆ ಓರೆಯಾಗಿ. ಹಳ್ಳ ದಾಟಲು ಪೂರ್ತಿ ಅಡ್ಡ ಗೆರೆ ಎಳೆದರೆ ಹುಡುಗ ಹಳ್ಳಕ್ಕೇ ಬೀಳುತ್ತಾನೆ. ಮೇಲಕ್ಕೆ ಜಾಸ್ತಿ, ಮುಂದಕ್ಕೆ ಕಡಿಮೆ. 

ಆಟದ ಮೊದಲಿಗೆ ಬೀಸುವ ಶಕ್ತಿ ಕಡಿಮೆ ಇರುತ್ತದೆ. ಮುಂದೆ ಹೋದ ಹಾಗೆ ಒಂದರ ಹಿಂದೆ ಒಂದು ಬೀಸಲು ಬರುತ್ತದೆ. ಆಗ ಎರಡನೇ ಬೀಸಿಗೆ ಅವಸರ ಮಾಡಬೇಡಿ. ಮೊದಲ ಗಾಳಿ ಹುಡುಗನನ್ನು ಎತ್ತಿ, ಅವನು ಇನ್ನೇನು ಕೆಳಗೆ ಬರಬೇಕು ಅನ್ನುವ ಕ್ಷಣ ಒಂದಿದೆ. ಎರಡನೆಯದು ಆಗ ಬೀಸಬೇಕು. ಬೇಗ ಬೀಸಿದರೆ ಎರಡು ಗಾಳಿ ಸೇರಿ ಒಂದರ ಕೆಲಸ ಮಾಡುತ್ತವೆ. ತಡವಾದರೆ ಅವನು ಬೀಳುವ ವೇಗವನ್ನು ನಿಲ್ಲಿಸುವುದರಲ್ಲೇ ಗಾಳಿ ಖರ್ಚಾಗುತ್ತದೆ. ಉಯ್ಯಾಲೆ ತೂಗುವವರಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ.

ಮುಂದೆ ಒಂದು ಮೇಲುಹೊದಿಕೆ ಸಿಗುತ್ತದೆ. ಅದು ಸಿಕ್ಕ ಮೇಲೆ ಟೋಕು ತೇಲಬಲ್ಲ. ಆಗ ನೀವು ಬೀಸುವ ರೀತಿಯೇ ಬದಲಾಗಬೇಕು. ಅಲ್ಲಿಯವರೆಗೆ ಎತ್ತುವ ಗಾಳಿ, ಇಲ್ಲಿಂದ ಮುಂದೆ ತಳ್ಳುವ ಗಾಳಿ. ಎತ್ತರಕ್ಕೆ ಒಮ್ಮೆ ಏರಿಸಿ, ತೇಲುವಾಗ ಹಿಂದಿನಿಂದ ಅಡ್ಡಕ್ಕೆ ಮೆಲ್ಲಗೆ ಬೀಸಿ.

ಗ್ಲಾರ್ಬ್ ಎನ್ನುವ ಉಂಡೆಯಂಥ ಜೀವಿಗಳು ಅಡ್ಡ ಬರುತ್ತವೆ. ಟೋಕು ಕೈಯಲ್ಲಿ ಕತ್ತಿ ಗಿತ್ತಿ ಏನೂ ಇಲ್ಲ. ಅವನ್ನೂ ಗಾಳಿಯಿಂದಲೇ ಎತ್ತಬೇಕು, ಎತ್ತಿದ ಮೇಲೆ ನೆಲಕ್ಕೆ ಕುಕ್ಕಬೇಕು. ಮೇಲಕ್ಕೊಂದು ಗೆರೆ, ಕೆಳಕ್ಕೊಂದು ಗೆರೆ. ಮೊದಲು ಟೋಕುವನ್ನು ಹಿಂದೆ ನಡೆಸಿ ದೂರ ನಿಲ್ಲಿಸಿಕೊಳ್ಳಿ, ಇಲ್ಲದಿದ್ದರೆ ಗೆರೆ ಅವನ ಮೇಲೂ ಹಾಯ್ದು ಇಬ್ಬರೂ ಒಟ್ಟಿಗೆ ಹಾರುತ್ತಾರೆ. ಇದರಲ್ಲಿ ಹೆಚ್ಚು ಕಲಿಯುವುದೇನಿಲ್ಲ.

ಬೆಂಕಿ ಒಯ್ಯುವುದು

ನನಗೆ ಈ ಆಟದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಸ್ಲಿಪ್‌ಸ್ಟ್ರೀಮ್. ಬರೀ ಬೀಸುವುದಾದರೆ ಗಾಳಿ ಒಮ್ಮೆ ಬಡಿದು ಹೋಗುತ್ತದೆ. ಇದರಲ್ಲಿ ನೀವು ಗಾಳಿಗೆ ಕಾಲುವೆ ತೋಡುತ್ತೀರಿ. ಗೆರೆ ಹೇಗೆ ಬೇಕಾದರೂ ಬಾಗಲಿ, ಗಾಳಿ ಆ ಗೆರೆಯಲ್ಲೇ ಹರಿಯುತ್ತದೆ. ಹಾದಿಯಲ್ಲಿ ಬೆಂಕಿ ಇದ್ದರೆ ಬೆಂಕಿಯನ್ನು ಹೊತ್ತುಕೊಂಡು ಹೋಗುತ್ತದೆ, ನೀರಿದ್ದರೆ ನೀರನ್ನು. ಯಾವ ಬಟನ್ ಅನ್ನುವುದನ್ನು ಆ ಶಕ್ತಿ ಸಿಕ್ಕಾಗ ಆಟವೇ ತೋರಿಸುತ್ತದೆ.

ಒಂದು ಸಾಮಾನ್ಯ ಜಾಗ ತಗೊಳ್ಳಿ. ಎಡಗಡೆ ಒಂದು ಪಂಜು ಉರಿಯುತ್ತಿದೆ. ಬಲಗಡೆ ಕಟ್ಟಿಗೆಯ ಅಡ್ಡಗೋಡೆ. ನಡುವೆ ಬಂಡೆ. ನೇರ ಗೆರೆ ಎಳೆದರೆ ಬೆಂಕಿ ಬಂಡೆಗೆ ಬಡಿದು ಸಾಯುತ್ತದೆ. ಇಲ್ಲಿ ಹೊಸಬರು ಗುರಿಯಿಂದ ಯೋಚಿಸುತ್ತಾರೆ, ಗೋಡೆಯ ಹತ್ತಿರದಿಂದ ಗೆರೆ ಶುರು ಮಾಡುತ್ತಾರೆ. ಹಾಗೆ ಮಾಡಬೇಡಿ. ಗೆರೆ ಪಂಜಿಗಿಂತ ಸ್ವಲ್ಪ ಹಿಂದಿನಿಂದ ಶುರುವಾಗಬೇಕು, ಉರಿಯ ನಡುವೆ ಹಾಯಬೇಕು, ಆಮೇಲೆ ಬಂಡೆಯ ಮೇಲೆ ಕಮಾನಿನ ಹಾಗೆ ಏರಿ, ಗೋಡೆಯ ಒಳಗೇ ಹೋಗಿ ಮುಗಿಯಬೇಕು. ಗೋಡೆ ಮುಟ್ಟುವ ಮೊದಲೇ ಬಟನ್ ಬಿಟ್ಟರೆ ಬೆಂಕಿ ಅಲ್ಲೇ ಆರುತ್ತದೆ. ಗೆರೆ ಎಳೆಯುವ ಮೊದಲು ಬಟನ್ ಒತ್ತದೆ ಒಂದು ಸಲ ಆ ದಾರಿಯಲ್ಲಿ ಗುರುತನ್ನು ಸುಮ್ನೆ ಓಡಿಸಿ ನೋಡಿ. ಕೈಗೆ ದಾರಿ ಗೊತ್ತಾಗುತ್ತದೆ. ಆಮೇಲೆ ಒತ್ತಿ ಎಳೆಯಿರಿ. ರಂಗೋಲಿ ಹಾಕುವವರು ಎಳೆ ಬಿಡುವ ಮೊದಲು ಖಾಲಿ ಬೆರಳನ್ನು ಚುಕ್ಕಿಗಳ ಸುತ್ತ ಒಮ್ಮೆ ಆಡಿಸುತ್ತಾರಲ್ಲ, ಹಾಗೆ.

ನೀರೂ ಇದೇ ರೀತಿ. ಬೀಜದ ಮೇಲೆ ನೀರು ತಂದು ಸುರಿದರೆ ಗಿಡ ಏಳುತ್ತದೆ, ಗಿಡ ನಿಮಗೆ ದಾರಿಯಾಗುತ್ತದೆ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಸುತ್ತ ಮೂರು ವಸ್ತು ಹುಡುಕಿ: ಬೆಂಕಿ, ನೀರು, ಸರಿಸಬಹುದಾದ ಕಲ್ಲು. ಒಂದಾದರೂ ಇರುತ್ತದೆ, ಅದೇ ಬೀಗದ ಕೈ. ಯಾವುದೂ ಕಾಣದಿದ್ದರೆ ನೀವು ಹಿಂದೆ ಎಲ್ಲೋ ಒಂದು ದಾರಿ ಬಿಟ್ಟು ಬಂದಿದ್ದೀರಿ. ಆಟ ಚಿಕ್ಕದು, ಹಿಂದೆ ಹೋಗಿ ನೋಡುವುದು ದೊಡ್ಡ ಕೆಲಸವಲ್ಲ.

ಇಬ್ಬರು ಆಡುವುದು

ಎರಡು ರಿಮೋಟ್ ಇದ್ದರೆ ಎರಡನೆಯವರು ತಮ್ಮ ರಿಮೋಟ್ ತೋರಿಸಿ ಗಾಳಿ ಬೀಸಬಹುದು. ಆಟದಲ್ಲೇ ಆ ಅನುಕೂಲ ಇದೆ. ನಮ್ಮಲ್ಲಿ ಇರುವುದು ಒಂದೇ. ನಮ್ಮ ಉಪಾಯ ಇನ್ನೂ ಸುಲಭ. ನಡೆಸುವ ಕೋಲು ಇರುವುದು ನನ್‌ಚಕ್ ಎಂಬ ಚಿಕ್ಕ ಹಿಡಿಯಲ್ಲಿ. ಅದು ಸುಮಾರು ಒಂದು ಮೀಟರ್ ವೈರಿನಿಂದ ರಿಮೋಟಿಗೆ ಸೇರಿರುತ್ತದೆ. ನನ್‌ಚಕ್ ಒಬ್ಬರ ಕೈಗೆ, ರಿಮೋಟ್ ಇನ್ನೊಬ್ಬರ ಕೈಗೆ. ಹೀಗೆ ಆಡುವಾಗ ಇಬ್ಬರೂ ಒತ್ತಿ ಕೂರಲೇಬೇಕು, ಮೀಟರಿಗಿಂತ ದೂರ ಹೋಗುವ ಹಾಗಿಲ್ಲ. ನಮ್ಮ ಮನೆಯಲ್ಲಿ ಆ ವೈರು ಅವ್ವನ ಸೀರೆಯ ಮಡಿಲ ಮೇಲೆ ಬಿದ್ದಿರುತ್ತದೆ. ನನ್‌ಚಕ್ ಸಿಕ್ಕಿಸುವಾಗ ಮಾತ್ರ ಕೋಲನ್ನು ಮುಟ್ಟಬೇಡಿ. ಸಿಕ್ಕಿಸಿದ ಕ್ಷಣ ಅದು ಎಲ್ಲಿದೆಯೋ ಅದನ್ನೇ ನಡು ಅಂದುಕೊಳ್ಳುತ್ತದೆ. ಓರೆಯಾಗಿದ್ದರೆ ಟೋಕು ತಾನಾಗಿ ನಡೆಯಲು ಶುರು ಮಾಡುತ್ತಾನೆ. ಹಾಗಾದರೆ ತೆಗೆದು ಮತ್ತೆ ಸಿಕ್ಕಿಸಿ.

ಯಾರು ಯಾವುದನ್ನು ಹಿಡಿಯಬೇಕು? ಆಟ ಬಲ್ಲವರಿಗೆ ನನ್‌ಚಕ್ ಕೊಡಿ. ಹೊಸಬರಿಗೆ ಗಾಳಿ ಕೊಡಿ. ಇದು ತಲೆಕೆಳಗು ಅನಿಸಬಹುದು, ಗಾಳಿಯೇ ಕಷ್ಟ ಅಲ್ವಾ ಅಂತ. ಆದರೆ ಓಡುವಾಗ ನಿಲ್ಲುವುದು, ಅಂಚಿಗೆ ಬಂದು ಕಾಯುವುದು, ಇದೆಲ್ಲ ಆಟ ಆಡಿದವರಿಗೆ ಮಾತ್ರ ಬರುವ ಅಭ್ಯಾಸ. ಗೆರೆ ಎಳೆಯುವುದು ಎಲ್ಲರಿಗೂ ಬರುತ್ತದೆ.

ಇಬ್ಬರ ನಡುವೆ ಒಂದು ಮಾತಿನ ಒಪ್ಪಂದ ಬೇಕು. ಗಾಳಿಯವರು ಬೀಸುವ ಮೊದಲು ನಡೆಯುವವರು ನಿಲ್ಲಬೇಕು. ಓಡುವವನ ಮೇಲೆ ಗೆರೆ ಕೂರುವುದಿಲ್ಲ. ಅವ್ವ ಮೊದಮೊದಲು ಪ್ರತಿ ಸಲ, "ನಿಂದರು. ನಾ ಎತ್ತತೀನಿ" ಅನ್ನುತ್ತಿದ್ದಳು. ಟೋಕು ಗಾಳಿಯಲ್ಲಿದ್ದಾಗಲೇ ಮಗಳು "ಆಯಿ, ಇನ್ನೊಂದು" ಅಂತ ಕೂಗುತ್ತಿದ್ದಳು. ಎರಡು ದಿನದ ಮೇಲೆ ಇಬ್ಬರೂ ಮಾತಾಡುವುದೇ ನಿಂತಿತು. ಅವ್ವನ ಕೈ ಮೇಲೇಳುತ್ತಿದ್ದ ಹಾಗೆ ಮಗಳ ಹೆಬ್ಬೆರಳು ತಾನಾಗಿ ಸಡಿಲವಾಗುತ್ತಿತ್ತು. ಹುಡುಗ ಬಿದ್ದರೆ ಯಾರ ತಪ್ಪು ಅಂತ ಹುಡುಕಬೇಡಿ, ಅದೇ ಜಾಗಕ್ಕೆ ನಡೆಸಿಕೊಂಡು ಬಂದು ಮತ್ತೆ ಎತ್ತಿ.

ಆಟ ಮುಗಿಯುವುದು ಬೇಗ ಅನಿಸುತ್ತದೆ. ಅವ್ವ, "ಇಷ್ಟ ಏನು?" ಅಂತ ಕೇಳಿದಳು. ಮುಗಿದ ಮೇಲೆ ಮಾಡಲು ಒಂದು ಕೆಲಸ ಉಳಿಯುತ್ತದೆ. ನಾಡಿನ ಮೂಲೆ ಮೂಲೆಯಲ್ಲಿ ಅಡಗಿಸಿಟ್ಟ ಚಿಕ್ಕ ವಿಗ್ರಹಗಳಿವೆ. ಕೈ ಪಳಗಿದ ಮೇಲೆ ಅವನ್ನು ಹುಡುಕಿಕೊಂಡು ಹೋಗಿ. ಮೊದಲು ಏರಲಾಗದ ಅಟ್ಟಣಿಗೆಗಳೆಲ್ಲ ಈಗ ಸುಲಭವಾಗಿರುತ್ತವೆ. ಇದರ ಎರಡನೇ ಭಾಗ 2009ರಲ್ಲಿ ಬಂತು, ಹೆಸರು ವಿಂಟರ್ ಆಫ್ ದಿ ಮೆಲೋಡಿಯಾಸ್. ಅದೂ ಸ್ಟೀಮ್‌ಗೆ ಬಂದಿದೆ. ಅದರಲ್ಲಿ ಟೋಕು ತನ್ನ ತಾಯಿಯನ್ನು ಹುಡುಕಿಕೊಂಡು ಹಿಮದ ನಾಡಿಗೆ ಹೋಗುತ್ತಾನೆ. ಚಳಿಗಾಲ, ಬೇಸಿಗೆ ಬದಲಿಸುವ ಶಕ್ತಿ ಸಿಗುತ್ತದೆ, ಸುಂಟರಗಾಳಿ ಸಿಗುತ್ತದೆ. ಚಳಿಯಲ್ಲಿ ಹುಡುಗ ಹೆಚ್ಚು ಹೊತ್ತು ತಡೆಯಲಾರ, ಬೆಂಕಿಯ ಹತ್ತಿರ ಒಯ್ಯಬೇಕು. ಸ್ಲಿಪ್‌ಸ್ಟ್ರೀಮಿನಲ್ಲಿ ಬೆಂಕಿ ಒಯ್ಯುವುದನ್ನು ಇಲ್ಲೇ ಚೆನ್ನಾಗಿ ಕಲಿತುಕೊಂಡರೆ ಅಲ್ಲಿ ಪರದಾಡುವುದಿಲ್ಲ. ಮೊದಲನೆಯದು ಮುಗಿಸದೆ ಅದನ್ನು ಮುಟ್ಟಬೇಡಿ.

ಕೊನೆಗೆ ಎತ್ತಿಡುವಾಗ ರಿಮೋಟಿನ ಎರಡು ಎಎ ಸೆಲ್ ತೆಗೆದಿಡಿ. ನಮ್ಮ ರಿಮೋಟ್ ಸೆಲ್ ಸಮೇತ ಅಟ್ಟದ ಮೇಲೆ ವರ್ಷಗಟ್ಟಲೆ ಇದ್ದು, ಒಳಗೆ ಸೋರಿ ಬಿಳಿ ಪುಡಿ ಕಟ್ಟಿತ್ತು. ಹತ್ತಿಯ ಬತ್ತಿಗೆ ಒಂದು ಹನಿ ನಿಂಬೆರಸ ಹಾಕಿ ಸ್ಪ್ರಿಂಗುಗಳನ್ನು ಒರೆಸಿ, ಪೂರ್ತಿ ಒಣಗಿಸಿ, ಹೊಸ ಸೆಲ್ ಹಾಕಿದ ಮೇಲೆ ನಡೆಯಿತು. ರಿಮೋಟ್ ಕನ್ಸೋಲನ್ನು ಮರೆತಿದ್ದರೆ ಸೆಲ್ ಮುಚ್ಚಳದ ಒಳಗಿನ ಕೆಂಪು ಬಟನ್ನನ್ನೂ ವೀಯ ಮುಂದೆ ಎಸ್‌ಡಿ ಕಾರ್ಡಿನ ಮುಚ್ಚಳದೊಳಗಿನ ಕೆಂಪು ಬಟನ್ನನ್ನೂ ಒಂದಾದ ಮೇಲೊಂದು ಒತ್ತಿ. ನೀಲಿ ದೀಪ ಮಿನುಗಿ ಒಂದು ಕಡೆ ನಿಂತರೆ ಎರಡೂ ಮತ್ತೆ ಸೇರಿಕೊಂಡವು.